ನೆಲಮಾಳಿಗೆಯಲ್ಲಿ ಬ್ಯಾಡಗಿ ಸಸಿ: ಮರಳು, ರೋಪ್ ಲೈಟು ಮತ್ತು ಗ್ಯಾರೇಜಿನ ಟ್ಯೂಬ್‌ಲೈಟು

ಮಿಚಿಗನ್ನಿನ ಆಗ್ನೇಯ ಭಾಗದಲ್ಲಿ ಬ್ಯಾಡಗಿ ಮೆಣಸಿನಕಾಯಿ ಗಿಡದಲ್ಲೇ ಹಣ್ಣಾಗಿ ಕೆಂಪಾಗಬೇಕಾದರೆ ಬೀಜ ಫೆಬ್ರವರಿ ಎರಡನೆಯ ವಾರದೊಳಗೆ ಮಣ್ಣಿಗೆ ಬೀಳಬೇಕು. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಗೆ ಮೊದಲು ಮೆಣಸಿನ ಸಸಿಯನ್ನು ಹೊರಗೆ ನೆಡುವ ಧೈರ್ಯವನ್ನು ಇಲ್ಲಿ ಯಾರೂ ಮಾಡುವುದಿಲ್ಲ. ಅಕ್ಟೋಬರಿನಲ್ಲಿ ಮೊದಲ ಹಿಮಗಾಳಿ ಬಂದ ರಾತ್ರಿಯೇ ತೋಟದ ಕಥೆ ಮುಗಿಯುತ್ತದೆ. ಹೊರಗೆ ಸಿಗುವ ನಾಲ್ಕು ತಿಂಗಳು ಸಾಲದು, ಉಳಿದ ಮೂರು ತಿಂಗಳನ್ನು ಮನೆಯೊಳಗೇ ಗಳಿಸಿಕೊಳ್ಳಬೇಕು. ಈ ಮಾತನ್ನು ನಾನು ಹೇಳಿದಾಗಲೆಲ್ಲ ಕನ್ನಡ ಕೂಟದ ಗೆಳೆಯರು ನಕ್ಕು, ಮೇ ತಿಂಗಳಲ್ಲಿ ನರ್ಸರಿಗೆ ಹೋಗಿ ಸಸಿ ತಂದರಾಯಿತಲ್ಲ ಎನ್ನುತ್ತಿದ್ದರು. ನರ್ಸರಿಯಲ್ಲಿ ಹಲಪೀನ್ಯೊ ಸಿಗುತ್ತದೆ, ಬ್ಯಾಡಗಿ ಸಿಗುವುದಿಲ್ಲ. ಕ್ಯಾಪ್ಸಿಕಂ ಸಿಗುತ್ತದೆ, ನಮ್ಮ ಹಸಿರು ಬದನೆ ಸಿಗುವುದಿಲ್ಲ. ಹೋದ ಬೇಸಿಗೆಯಲ್ಲಿ ಅದೇ ಗೆಳೆಯರು ನನ್ನ ಮನೆಯಿಂದ ಅರವತ್ತರಷ್ಟು ಸಸಿಗಳನ್ನು ಒಯ್ದರು. ಈ ವರ್ಷ ಜನವರಿಯಲ್ಲೇ ಫೋನು ಮಾಡಿ ತಮ್ಮ ಪಾಲು ಕಾದಿರಿಸಿಕೊಂಡಿದ್ದಾರೆ. ಹೇಗೆ ಮಾಡಿದೆ ಎಂದು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದಿಡುವುದು ಲೇಸೆನ್ನಿಸಿತು.

ನನ್ನ ಅನುಭವದಲ್ಲಿ ಹೇಳಬೇಕಾದ ಮುಖ್ಯ ಸಂಗತಿ ಒಂದೇ. ಎಲ್ಲರೂ ಮೊದಲು ಬೆಳಕಿಗೆ ದುಡ್ಡು ಸುರಿಯುತ್ತಾರೆ. ಸುರಿಯಬೇಕಾದದ್ದು ಬುಡದ ಬಿಸಿಗೆ, ಅದೂ ಬಹಳ ಕಡಿಮೆ.

ಆರಂಭದ ವರ್ಷಗಳಲ್ಲಿ ದಕ್ಷಿಣದ ಕಿಟಕಿಯೇ ನನ್ನ ಸಸಿಮಡಿಯಾಗಿತ್ತು. ದೊಡ್ಡ ಸರೋವರಗಳ ನಡುವಿನ ಈ ರಾಜ್ಯದಲ್ಲಿ ಚಳಿಗಾಲವೆಲ್ಲ ಮೋಡ ಕವಿದಿರುತ್ತದೆಂಬುದು ಇಲ್ಲಿದ್ದವರಿಗೆ ಗೊತ್ತೇ ಇದೆ. ಮಾರ್ಚಿನಲ್ಲಿ ಹುಟ್ಟಿದ ಟೊಮೆಟೊ ಗೇಣುದ್ದ ಬೆಳೆದು ಗಾಜಿಗೆ ಒರಗಿ ನಿಲ್ಲುತ್ತಿತ್ತು. ಮೆಣಸಿನಕಾಯಂತೂ ಹುಟ್ಟುವುದಕ್ಕೇ ನಾಲ್ಕು ವಾರ ತೆಗೆದುಕೊಳ್ಳುತ್ತಿತ್ತು, ಅದೂ ಹತ್ತರಲ್ಲಿ ಮೂರು. ಇದಕ್ಕೆ ಬೆಳಕಿನ ಕೊರತೆಯೇ ಕಾರಣವೆಂದು ತಿಳಿದವರು ಹೇಳಿದ್ದರಿಂದ, ನೇರಳೆ ಬಣ್ಣ ಸೂಸುವ ಒಂದು ಗ್ರೋ ಲೈಟನ್ನು ತೊಂಬತ್ತು ಡಾಲರ್ ಕೊಟ್ಟು ತರಿಸಿದೆ. ಡಬ್ಬದ ಮೇಲೆ 1000 ವಾಟ್ ಎಂದು ಬರೆದಿತ್ತು. ಪ್ಲಗ್ಗಿಗೆ ಮೀಟರು ಹಾಕಿ ನೋಡಿದರೆ ನೂರಹತ್ತರ ಆಸುಪಾಸಿನಲ್ಲಿ ನಿಂತಿತು. ಅದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದೇ. ಆ ಬೆಳಕಿನಲ್ಲಿ ಹಸಿರೆಲೆ ಕಪ್ಪಾಗಿ ಕಾಣುತ್ತದೆ, ಹಳದಿಗೆ ತಿರುಗಿದ ಎಲೆಯ ಬಣ್ಣವೂ ಸರಿಯಾಗಿ ತಿಳಿಯುವುದಿಲ್ಲ. ಸಸಿಗೆ ಏನಾಗಿದೆ ಎಂದು ನೋಡಬೇಕಾದರೆ ಪ್ರತಿಸಲವೂ ದೀಪ ಆರಿಸಿ ಟಾರ್ಚು ಹಿಡಿಯಬೇಕು. ಒಂದು ಟ್ರೇ ಬದನೆ ಪೂರ್ತಿ ಬಿಳಿಚಿಕೊಂಡ ಮೇಲೆ ಆ ದೀಪವನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಿಲ್ಲ.

ಈಗಿರುವುದು ಗ್ಯಾರೇಜಿಗೆ ಹಾಕುವ ನಾಲ್ಕಡಿಯ ಎಲ್‌ಇಡಿ ಟ್ಯೂಬ್‌ಲೈಟು. ಒಂದಕ್ಕೆ ಇಪ್ಪತ್ತೆರಡು ಡಾಲರ್ ಕೊಟ್ಟ ನೆನಪು. ನಲವತ್ತು ವಾಟ್, 5000 ಕೆಲ್ವಿನ್ನಿನ ಬಿಳಿ ಬೆಳಕು, ನಾಲ್ಕು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಲ್ಯೂಮೆನ್. ತಂತಿಯ ಕಪಾಟಿನ ಒಂದೊಂದು ಅಂತಸ್ತಿಗೆ ಎರಡರಂತೆ ಎರಡು ಅಂತಸ್ತಿಗೆ ನಾಲ್ಕು ದೀಪ. ಸರಪಳಿಗೆ ಕೊಕ್ಕೆ ಹಾಕಿ ತೂಗಿಸಿದ್ದೇನೆ, ಸಸಿ ಬೆಳೆದಂತೆ ಒಂದೊಂದೇ ಕೊಂಡಿ ಮೇಲೆ ಹೋಗುತ್ತದೆ. ಈ ದೀಪ ಕೆಲಸ ಮಾಡುವುದಿಲ್ಲ ಎನ್ನುವವರ ಮನೆಯಲ್ಲಿ ಹೋಗಿ ನೋಡಿದ್ದೇನೆ: ದೀಪ ಒಂದಡಿ ಮೇಲಿರುತ್ತದೆ. ಎಲೆಯ ತುದಿಗೂ ಟ್ಯೂಬಿಗೂ ನಡುವೆ ನನ್ನ ನಾಲ್ಕು ಬೆರಳು ಹಿಡಿಸಬೇಕು, ಐದನೆಯದು ಹಿಡಿಸಬಾರದು. ಟೈಮರಿಗೆ ಹದಿನಾರು ಗಂಟೆ. ನಾಲ್ಕೂ ದೀಪ ಸೇರಿ ದಿನಕ್ಕೆ ಎರಡೂವರೆ ಯೂನಿಟ್ಟು, ತಿಂಗಳಿಗೆ ಹದಿನಾಲ್ಕು ಡಾಲರಿನಷ್ಟು ಕರೆಂಟು. ಫೆಬ್ರವರಿಯಿಂದ ಮೇವರೆಗೆ ಬಿಲ್ಲಿನಲ್ಲಿ ಐವತ್ತು ಡಾಲರ್ ಏರಿದರೆ ಹೆಚ್ಚು.

ಬಿಸಿಯ ಕಥೆ ಇಷ್ಟು ಸರಳವಾಗಿ ಸಾಗಲಿಲ್ಲ. ನಮ್ಮ ನೆಲಮಾಳಿಗೆ ಫೆಬ್ರವರಿಯಲ್ಲಿ 15-16 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೆಣಸು, ಬದನೆಗಳಿಗೆ ಮಣ್ಣು 28-30 ಡಿಗ್ರಿ ಇದ್ದರೆ ವಾರ, ಹತ್ತು ದಿನದಲ್ಲಿ ಮೊಳಕೆ. ಹದಿನೈದರಲ್ಲಿ ತಿಂಗಳಾದರೂ ಆದೀತು, ಅಷ್ಟರೊಳಗೆ ಅರ್ಧ ಬೀಜ ಕೊಳೆತಿರುತ್ತದೆ. ಫ್ರಿಜ್ಜಿನ ತಲೆಯ ಮೇಲಿಡಿ ಎಂಬ ಸಲಹೆಯನ್ನು ಪಾಲಿಸಿದೆ. ಈಗಿನ ಫ್ರಿಜ್ಜುಗಳ ತಲೆ ತಣ್ಣಗೇ ಇರುತ್ತದೆ. ಗ್ಯಾಸಿನ ವಾಟರ್ ಹೀಟರಿನ ಮೇಲೆ ಒಂದು ಟ್ರೇ ಹಿಡಿಸಿತು, ಆದರೆ ಚಿಮಣಿಯ ಕಡೆಯ ಅರ್ಧ ಒಣಗಿ ಇನ್ನರ್ಧ ಒದ್ದೆಯಾಗಿರುತ್ತಿತ್ತು. ಆಮೇಲೆ, ಇಲ್ಲಿ ನಾವೆಲ್ಲ ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗಿಸಲು, ಮೊಸರಿಗೆ ಹೆಪ್ಪು ಹಾಕಲು ಓವನ್ನಿನ ಲೈಟು ಹಾಕಿಡುತ್ತೇವಲ್ಲ, ಅದೇ ಜಾಗದಲ್ಲಿ ಬೀಜ ಇಟ್ಟೆ. ಬಹಳ ಚೆನ್ನಾಗಿ ಮೊಳೆಯಿತು. ಎರಡನೆಯ ಕಂತಿನ ಬೀಜ ಒಳಗಿರುವುದು ತಿಳಿಯದೆ ಮಗಳು ಪಿಜ್ಜಾಕ್ಕೆಂದು ಓವನ್ನನ್ನು ಬಿಸಿಗಿಟ್ಟಳು. ಟ್ರೇಯ ಪ್ಲಾಸ್ಟಿಕ್ಕು ಜಾಲರಿಗೆ ಅಂಟಿಕೊಂಡದ್ದನ್ನು ಕೆರೆದು ತೆಗೆಯುವುದರಲ್ಲಿ ಒಂದು ಭಾನುವಾರ ಕಳೆಯಿತು. ಅಡುಗೆಮನೆಯಲ್ಲಿ ಈ ಪ್ರಯೋಗಕ್ಕೆ ಅವತ್ತೇ ನಿಷೇಧ ಬಿತ್ತು.

ಅಂಗಡಿಯಲ್ಲಿ ಸಿಗುವ ಹೀಟ್ ಮ್ಯಾಟು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಂದು ಟ್ರೇಯ ಮ್ಯಾಟು ಇಪ್ಪತ್ತು ವಾಟಿನದು, ಕೋಣೆಗಿಂತ ಐದಾರು ಡಿಗ್ರಿ ಏರಿಸುತ್ತದೆ. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಅಷ್ಟು ಸಾಕು, ನನ್ನ ನೆಲಮಾಳಿಗೆಗೆ ಸಾಲದು. ನಾನು ಮಾಡಿದ್ದು ಇದು: ಎರಡು ಅಂಗುಲದ ಗುಲಾಬಿ ಫೋಮ್ ಹಲಗೆಯನ್ನು ತಳಕ್ಕೆ ಹಾಕಿ, ಅದರ ಸುತ್ತ ಮರದ ಪಟ್ಟಿಯ ಚೌಕಟ್ಟು ಹೊಡೆದು, ಒಳಗೆ ಒಂದೂವರೆ ಅಂಗುಲ ಮಕ್ಕಳ ಆಟದ ಮರಳು ತುಂಬಿ, ಮರಳಿನ ನಡುವೆ ಹದಿನೆಂಟು ಅಡಿಯ ಹಳೆಯ ರೋಪ್ ಲೈಟನ್ನು, ಅಂದರೆ ಪ್ಲಾಸ್ಟಿಕ್ ಕೊಳವೆಯೊಳಗೆ ಬಿಸಿಯಾಗುವ ಸಣ್ಣ ಬಲ್ಬುಗಳಿರುವ ಹಗ್ಗದಂಥ ದೀಪವನ್ನು, ಹಾವಿನಂತೆ ಹಾಯಿಸಿದೆ. ಒಂದು ಸುತ್ತು ಇನ್ನೊಂದನ್ನು ಎಲ್ಲಿಯೂ ತಾಗಬಾರದು, ಅಡ್ಡ ಹಾಯಬಾರದು. ಮರಳಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡು ಟ್ರೇ. ಹಾಳೆ ಹಾಕದಿದ್ದಾಗ ಟ್ರೇಯಿಂದ ತೊಟ್ಟಿಕ್ಕಿದ ನೀರು ಮರಳಿಗಿಳಿದು, ಬಿಸಿಯೆಲ್ಲ ಆ ನೀರನ್ನು ಆರಿಸುವುದಕ್ಕೇ ಖರ್ಚಾಗುತ್ತಿತ್ತು. ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಜಿಎಫ್‌ಸಿಐ ಪಾಯಿಂಟಿಗಲ್ಲದೆ ಬೇರೆ ಕಡೆ ಇದನ್ನು ಚುಚ್ಚಬೇಡಿ. ನಡುವೆ ಇಪ್ಪತ್ತು ಡಾಲರಿನ ಥರ್ಮೋಸ್ಟಾಟು, 29 ಡಿಗ್ರಿಗೆ. ಮದುವೆಮನೆಯ ದೀಪವನ್ನು ಮರಳಲ್ಲಿ ಹೂತಿಟ್ಟು ಬೆಳೆ ತೆಗೆಯುತ್ತಾರಂತೆ ಎಂಬ ತಮಾಷೆ ಊರೆಲ್ಲ ಹರಡಿದ್ದು ಆಗಲೇ.

ತಮಾಷೆಗೆ ತಕ್ಕ ಹಾಗೆ ಮೊದಲ ಸುತ್ತು ಹಾಳೂ ಆಯಿತು. ಥರ್ಮೋಸ್ಟಾಟಿನ ಕಡ್ಡಿ ಒಂದು ರಾತ್ರಿ ಮಣ್ಣಿನಿಂದ ಜಾರಿ ಹೊರಗೆ ಬಿತ್ತು. ಅದಕ್ಕೆ ತಾಗುತ್ತಿದ್ದುದು ನೆಲಮಾಳಿಗೆಯ ತಣ್ಣನೆಯ ಗಾಳಿ. ಹಾಗಾಗಿ ಅದು ಬೆಳಗಿನವರೆಗೆ ಬಿಸಿ ಕೊಡುತ್ತಲೇ ಇತ್ತು. ನಾನು ನೋಡುವಷ್ಟರಲ್ಲಿ ಮಣ್ಣು ನಲವತ್ತೈದು ಡಿಗ್ರಿಗೆ ಹೋಗಿ, ಮುಚ್ಚಳದೊಳಗೆ ಹಬೆ ಕಟ್ಟಿತ್ತು. ಕೆದಕಿದರೆ ಬೀಜ ಬೆರಳಲ್ಲಿ ಮೆತ್ತಗೆ ಹಿಸುಕಿಹೋಗುತ್ತಿತ್ತು. ಅಂದಿನಿಂದ ಕಡ್ಡಿಯನ್ನು ಟ್ರೇಯ ನಡುವಿನ ಗುಣಿಗೆ ದಾರ ಹಾಕಿ ಕಟ್ಟುತ್ತೇನೆ. ಅದಕ್ಕಿಂತ ಮುಖ್ಯವಾಗಿ, ರೋಪ್ ಲೈಟಿಗೆ ಹತ್ತು ಡಾಲರಿನ ಡಿಮ್ಮರೊಂದನ್ನು ಸೇರಿಸಿ, ಥರ್ಮೋಸ್ಟಾಟು ಇಲ್ಲದೆ ಇಡೀ ದಿನ ಉರಿಸಿದರೂ ಮಣ್ಣು ಮೂವತ್ತೆರಡು ದಾಟದ ಮಟ್ಟಕ್ಕೆ ತಿರುಗಿಸಿ ಬಿಟ್ಟಿದ್ದೇನೆ. ಕಾವಲುಗಾರ ನಿದ್ದೆಹೋದರೂ ಮನೆಗೆ ಬೆಂಕಿ ಬೀಳಬಾರದು. ಪೂರ್ತಿ ಉರಿದರೆ ಆ ಹಗ್ಗ ನೂರು ವಾಟಿನ ಹತ್ತಿರ ಎಳೆಯುತ್ತದೆ. ಈಗ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ.

ಬೀಜದ ವಿಚಾರ. ಬ್ಯಾಡಗಿಯ ಬೀಜ ನಾನು ತೆಗೆದದ್ದು ಇಂಡಿಯನ್ ಅಂಗಡಿಯ ಒಣಮೆಣಸಿನಕಾಯಿಯ ಪೊಟ್ಟಣದಿಂದ. ಇದನ್ನೂ ಯಾರೂ ನಂಬಲಿಲ್ಲ. ಬಿಸಿಲಿಗೆ ಒಣಗಿದ ಕಾಯಿಯಾದರೆ ಬೀಜಕ್ಕೆ ಜೀವ ಇರುತ್ತದೆ. ಹಳೆಯ ದಾಸ್ತಾನಾದರೆ ಇರುವುದಿಲ್ಲ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳನ್ನೂ ಹಾಕಿದ್ದೇನೆ, ನಮ್ಮಲ್ಲಿ ಕಡ್ಡಿಯೇ ಒಂದು ವಾರ ಮುಂಚೆ ಹಣ್ಣಾಯಿತು. ಒಂದು ರಾತ್ರಿ ನೆನೆಸಿ, ಒದ್ದೆ ಟಿಶ್ಯೂವಿನಲ್ಲಿ ಸುತ್ತಿ, ಜಿಪ್ ಚೀಲಕ್ಕೆ ಹಾಕಿ ಮರಳಿನ ಹಾಸಿಗೆಯ ಮೇಲಿಟ್ಟರೆ ಆರನೆಯ ಏಳನೆಯ ದಿನಕ್ಕೆ ಬಿಳಿಯ ಮೂತಿ ಕಾಣುತ್ತದೆ. ಅದು ಎಳ್ಳಿನಷ್ಟು ಉದ್ದವಿರುವಾಗಲೇ ಚಿಮಟದಿಂದ ಎತ್ತಿ ಗುಣಿಗೆ ಹಾಕಬೇಕು. ಎರಡು ದಿನ ತಡವಾದರೆ ಬೇರು ಕಾಗದದ ಎಳೆಗೆ ಹೆಣೆದುಕೊಂಡು ಕೀಳುವಾಗ ಮುರಿಯುತ್ತದೆ. ಹೀಗೆ ಹತ್ತರಲ್ಲಿ ಆರೇಳು ಸಿಗುತ್ತವೆ. ನೆನೆಸುವ ನೀರಿಗೆ ನಾನು ಬೆರೆಸುವುದೊಂದಿದೆ, ಅಡುಗೆಮನೆಯದೇ ಪದಾರ್ಥ; ಅದನ್ನು ಇಲ್ಲಿ ಬರೆಯುವುದಿಲ್ಲ, ಸಸಿ ಒಯ್ಯಲು ಬರುವವರಿಗೂ ಹೇಳಿಲ್ಲ.

ಮೊಳಕೆ ತಲೆಯೆತ್ತಿದ ದಿನವೇ ಬಿಸಿಯಿಂದ ಇಳಿಸಿಬಿಡಬೇಕು. ಅರ್ಧ ಗುಣಿಗಳು ಹಸಿರಾದೊಡನೆ ನಾನು ಮುಚ್ಚಳ ತೆಗೆದು ಟ್ರೇಯನ್ನು ಕೆಳಗಿನ ಅಂತಸ್ತಿಗೆ, ಹದಿನೆಂಟು ಡಿಗ್ರಿಯ ತಂಪಿಗೆ, ದೀಪದ ಹತ್ತಿರಕ್ಕೆ ಒಯ್ಯುತ್ತೇನೆ. ಬಿಸಿಯಲ್ಲೇ ಬಿಟ್ಟರೆ ಸಸಿ ದಾರದಂತೆ ಎಳೆಯುವುದಲ್ಲದೆ ಬುಡಕೊಳೆ ಹಿಡಿಯುತ್ತದೆ: ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಣ್ಣಿನ ಮಟ್ಟದಲ್ಲಿ ಚಿವುಟಿದ ಹಾಗೆ ಕಂದಿ ಮಲಗಿರುತ್ತದೆ. ದಾಲ್ಚಿನ್ನಿ ಪುಡಿ ಚಿಮುಕಿಸಿದರೆ ನಿಲ್ಲುತ್ತದೆ ಎನ್ನುತ್ತಾರೆ. ಒಂದು ಟ್ರೇಗೆ ದಾಲ್ಚಿನ್ನಿ, ಒಂದಕ್ಕೆ ಅರಿಶಿನ, ಒಂದಕ್ಕೆ ಏನೂ ಇಲ್ಲದೆ ನೋಡಿದೆ. ಮೂರರಲ್ಲೂ ಸತ್ತದ್ದು ಹೆಚ್ಚುಕಡಿಮೆ ಅಷ್ಟೇ. ನಿಂತದ್ದು ಹದಿನೈದು ಡಾಲರಿನ ಟೇಬಲ್ ಫ್ಯಾನಿನಿಂದ ಮತ್ತು ಮೇಲಿಂದ ನೀರು ಹಾಕುವುದನ್ನು ಬಿಟ್ಟು ತಳದ ತಟ್ಟೆಗೆ ಹಾಕಿದ್ದರಿಂದ. ಫ್ಯಾನಿನ ಗಾಳಿಗೆ ಅಲುಗಾಡಿ ಕಾಂಡವೂ ಗಟ್ಟಿಯಾಗುತ್ತದೆ. ಮಣ್ಣಿನಿಂದ ಏಳುವ ಸಣ್ಣ ಕರಿ ನೊಣಗಳಿಗೆ, ಸೊಳ್ಳೆಮರಿಗೆ ಹಾಕುವ ಬಿಟಿಐ ಎಂಬ ಬ್ಯಾಕ್ಟೀರಿಯಾದ ಕಾಳನ್ನು ರಾತ್ರಿ ನೀರಲ್ಲಿ ನೆನೆಸಿ ಆ ನೀರನ್ನೇ ಕೊಡುತ್ತೇನೆ. ಹಳದಿ ಅಂಟುಕಾಗದ ಕೇವಲ ಲೆಕ್ಕ ಹಾಕುವುದಕ್ಕೆ.

ಉಳಿದವುಗಳ ವೇಳೆ ಚುಟುಕಾಗಿ ಹೇಳುತ್ತೇನೆ. ಬದನೆ ಫೆಬ್ರವರಿ ಕೊನೆಗೆ, ಟೊಮೆಟೊ ಮಾರ್ಚ್ ಕೊನೆಗೆ. ಹೀರೆ, ಸೋರೆ, ಪಡವಲಗಳನ್ನು ಏಪ್ರಿಲ್ ಕೊನೆಗಿಂತ ಮುಂಚೆ ಹಾಕಿದರೆ ಬಳ್ಳಿ ದೀಪದ ಸರಪಳಿಗೆ ಹಬ್ಬಿಕೊಂಡು ಬಿಡಿಸಲು ಬರುವುದಿಲ್ಲ; ಬೇರು ಕದಲಿದರೆ ಅವು ಮುನಿಸಿಕೊಳ್ಳುವುದರಿಂದ ಸುದ್ದಿಪತ್ರಿಕೆಯ ಲೋಟದಲ್ಲಿ ಹಾಕಿ, ಲೋಟದ ಸಮೇತ ನೆಡುತ್ತೇನೆ.

ಇಷ್ಟೆಲ್ಲ ಇರುವಾಗ ಅವರೆಯ ಮೇಲೂ ಕೈ ಆಡಿಸದಿರಲಾಗಲಿಲ್ಲ. ಅಂಗಡಿಯ ಒಣ ಅವರೆಕಾಳು ಇಲ್ಲಿ ಚಪ್ಪರ ಮುಚ್ಚುವಷ್ಟು ಬೆಳೆಯುತ್ತದೆ, ಆದರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಸೆಪ್ಟೆಂಬರಿನಲ್ಲಿ ಹೂ ಕಾಣುವಷ್ಟರಲ್ಲಿ ಹಿಮ ಹತ್ತಿರ ಬಂದಿರುತ್ತದೆ. ಕೃತಕ ಬೆಳಕಿದ್ದಮೇಲೆ ಹಗಲನ್ನೇ ಕಿರಿದು ಮಾಡಬಹುದಲ್ಲ ಎಂದು, ನಾಲ್ಕು ಬಳ್ಳಿಗಳನ್ನು ಬೇರೆ ಅಂತಸ್ತಿನಲ್ಲಿ ಕಪ್ಪು ಹಾಳೆ ಸುತ್ತಿ ಹನ್ನೊಂದು ಗಂಟೆಯ ಬೆಳಕಿನಲ್ಲಿ ಬೆಳೆಸಿದೆ. ಎರಡು ತಿಂಗಳೊಳಗೆ ಮೊಗ್ಗು ಬಂತು. ಹದಿನಾರು ಗಂಟೆಯವಕ್ಕೆ ಬರಲಿಲ್ಲ. ಗೆದ್ದೆನೆಂದುಕೊಂಡು ಹೊರಗೆ ನೆಟ್ಟರೆ, ಜೂನಿನ ಹದಿನೈದು ಗಂಟೆಯ ಹಗಲು ಕಂಡದ್ದೇ ಮೊಗ್ಗೆಲ್ಲ ಉದುರಿ ಮತ್ತೆ ಎಲೆಯನ್ನೇ ಬಿಡತೊಡಗಿದವು. ಹಗಲಿನ ಉದ್ದಕ್ಕೆ ಅಂಜದ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂದು ಹಿಂದೆಯೇ ಕೊಟ್ಟಿದೆ. ಕಾಗದಪತ್ರಗಳ ಸಮೇತ ಬೀಜ ತರಿಸುವುದು ತಡವಾದರೂ ಕಪ್ಪು ಹಾಳೆಗಿಂತ ಅದೇ ಸರಿ. ಗಿಡ್ಡ ಗಿಡ, ಜುಲೈ ಕೊನೆಗೆ ಹೂ, ಹಿತಕಿದ ಅವರೆಗೆ ಸಾಲುವಷ್ಟು ಕಾಳು. ಸೊಗಡು ಮಾತ್ರ ಊರಿನದಕ್ಕೆ ಅರ್ಧ.

ಲೆಕ್ಕ ಕೇಳುವವರಿಗಾಗಿ: ದೀಪಕ್ಕೆ ತೊಂಬತ್ತು, ಕಪಾಟಿಗೆ ಅರವತ್ತೈದು, ಥರ್ಮೋಸ್ಟಾಟು, ಡಿಮ್ಮರು, ಟೈಮರುಗಳಿಗೆ ನಲವತ್ತು, ಫೋಮು ಮರಳುಗಳಿಗೆ ಇಪ್ಪತ್ತು, ಫ್ಯಾನಿಗೆ ಹದಿನೈದು. ಒಟ್ಟು ಇನ್ನೂರ ಮೂವತ್ತರ ಸುಮಾರು. ಅಟ್ಟದಲ್ಲಿರುವ ನೇರಳೆ ದೀಪವೂ ಸೇರಿ ಅದಕ್ಕೂ ಮೊದಲು ಕಳೆದದ್ದು ಇನ್ನೂ ಹೆಚ್ಚು. ನರ್ಸರಿಯಲ್ಲಿ ಒಂದು ಮೆಣಸಿನ ಸಸಿಗೆ ನಾಲ್ಕೈದು ಡಾಲರ್ ಇರುವಾಗ ಅರವತ್ತು ಸಸಿ ಒಯ್ದವರಿಂದ ಒಂದು ಕಾಸೂ ತೆಗೆದುಕೊಂಡಿಲ್ಲ, ಬದಲಿಗೆ ಕೆಂಪುಮೆಣಸಿನ ಪುಡಿಯ ಡಬ್ಬಿಗಳು ಬಂದಿವೆ.

ರೋಪ್ ಲೈಟಿಗೆ ಕೊಟ್ಟದ್ದು ಮೂರು ಡಾಲರ್, ಗ್ಯಾರೇಜ್ ಸೇಲಿನಲ್ಲಿ. ಇಂದು ಅಂಗಡಿಗಳಲ್ಲಿರುವುದು ಬಹುಪಾಲು ಎಲ್‌ಇಡಿ. ಅದು ಬಿಸಿಯಾಗುವುದಿಲ್ಲವಾದ್ದರಿಂದ ಮರಳಿಗೆ ಹೂತರೆ ಪ್ರಯೋಜನವಿಲ್ಲ. ಹಳೆಯ ಬಲ್ಬಿನದೇ ಬೇಕು. ಬೇಸಿಗೆಯ ಶನಿವಾರಗಳಲ್ಲಿ ಮನೆಮುಂದಿನ ಮೇಜುಗಳ ಕೆಳಗೆ, ಕ್ರಿಸ್‌ಮಸ್ ಸಾಮಾನಿನ ಡಬ್ಬದಲ್ಲಿ ಸಿಗುತ್ತದೆ. ಮಾರುವವರನ್ನು ಕೇಳಿ ಪ್ಲಗ್ಗಿಗೆ ಹಾಕಿ, ಸುತ್ತಿಟ್ಟ ಹಗ್ಗವನ್ನು ಬಿಚ್ಚಿ, ಹತ್ತು ನಿಮಿಷ ಬಿಟ್ಟು ಉದ್ದಕ್ಕೂ ಕೈಯಾಡಿಸಿ ನೋಡಿ. ಎಲ್ಲ ಕಡೆ ಒಂದೇ ಸಮ ಬೆಚ್ಚಗಿದ್ದರೆ ಕೊಳ್ಳಿ. ನಡುವೆ ಒಂದಡಿ ಕತ್ತಲಾಗಿ ತಣ್ಣಗಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ.