ಉಪ್ಪು, ಹುಳಿ, ಒಣಹವೆ: ಚರ್ಮದ ಬ್ಯಾಕ್ಟೀರಿಯಾಗಳನ್ನು ಪ್ಲೇಟಿನಲ್ಲಿ ಓದುವ ಬಗೆ

ಮೈಚರ್ಮ ಬ್ಯಾಕ್ಟೀರಿಯಾಗಳಿಗೆ ಸುಖದ ಮನೆಯೇನಲ್ಲ. ನೀರಿನ ಪಸೆ ಕಡಿಮೆ, ಪಿಎಚ್ 5ರ ಆಸುಪಾಸು ಅಂದರೆ ತುಸು ಹುಳಿ, ಬೆವರು ಆರಿದ ಮೇಲೆ ಉಳಿಯುವುದು ಉಪ್ಪು. ಸಾಲದ್ದಕ್ಕೆ ಕಾಲ ಕೆಳಗಿನ ನೆಲವೇ ದಿನವೂ ಹೊಟ್ಟಿನಂತೆ ಉದುರಿ ಹೋಗುತ್ತದೆ. ಇದನ್ನೆಲ್ಲ ತಾಳಿಕೊಂಡವು ಮಾತ್ರ ಅಲ್ಲಿ ಬಾಳುತ್ತವೆ. ಆ ತಾಳಿಕೆಯನ್ನು ಒಂದೊಂದಾಗಿ ಬಿಡಿಸಿ ನೋಡಲು ದೊಡ್ಡ ಲ್ಯಾಬ್ ಬೇಕಿಲ್ಲ. ದಾವಣಗೆರೆ, ಚಿತ್ರದುರ್ಗದ ಯಾವುದೇ ಬಿಎಸ್ಸಿ ಕಾಲೇಜಿನಲ್ಲಿ ನಾಲ್ಕೈದು ದಿನದಲ್ಲಿ ಮುಗಿಯುವ ಕೆಲಸ ಇದು.

ಮೂರು ಬಗೆಯ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಲೋಳೆ, ಬೇಕು: ಸಾದಾ, ಉಪ್ಪಿನದು, ಹುಳಿಯದು. 500 ಮಿ.ಲೀ. ಹಿಡಿಯುವ ಮೂರು ಫ್ಲಾಸ್ಕ್‌ಗಳಲ್ಲಿ ತಲಾ 250 ಮಿ.ಲೀ. ನೀರಿಗೆ 7 ಗ್ರಾಂ ನ್ಯೂಟ್ರಿಯೆಂಟ್ ಅಗರ್ ಪುಡಿ ಹಾಕಿ. ಬೋರ್‌ವೆಲ್ ನೀರು ಬೇಡ, ಅದರಲ್ಲಿ ಲವಣ ಹೆಚ್ಚು. ಡಿಸ್ಟಿಲ್ಡ್ ವಾಟರ್ ಸಿಗದಿದ್ದರೆ ಗ್ಯಾರೇಜಿನಲ್ಲಿ ಮಾರುವ ಬ್ಯಾಟರಿ ನೀರು ಸಾಕು. ಎರಡನೆಯ ಫ್ಲಾಸ್ಕಿಗೆ 17.5 ಗ್ರಾಂ ಉಪ್ಪು ಸೇರಿಸಿ. ಪುಡಿಯಲ್ಲಿ ಮೊದಲೇ ಇರುವ ಉಪ್ಪೂ ಕೂಡಿ ಒಟ್ಟು 7.5 ಶೇಕಡಾ ಆಗುತ್ತದೆ. ಮೂರನೆಯದಕ್ಕೆ 1 ಗ್ರಾಂ ಬರೀ ಅಗರ್ ಹೆಚ್ಚಿಗೆ ಹಾಕಿ, ಆದರೆ ಆ್ಯಸಿಡ್ ಈಗಲೇ ಹಾಕಬೇಡಿ. ಹುಳಿಯಲ್ಲಿ ಕುದ್ದರೆ ಅಗರ್ ಒಡೆಯುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ಗಟ್ಟಿಯಾಗದೆ ಅಂಬಲಿಯಂತೆ ಉಳಿಯುತ್ತದೆ.

ಪುಡಿ ಕರಗುವ ತನಕ ಕುದಿಸಿ, ಹತ್ತಿ ಬಿರಡೆ ಹಾಕಿ, ಪ್ರೆಶರ್ ಕುಕ್ಕರಿನಲ್ಲಿಡಿ. ಹಬೆ ಒಂದೇ ಸಮನೆ ಬರತೊಡಗಿದ ಮೇಲೆಯೇ ವೆಯ್ಟ್ ಹಾಕಬೇಕು. ಒಳಗೆ ಗಾಳಿ ಉಳಿದರೆ ಒತ್ತಡ ಬಂದರೂ 121 ಡಿಗ್ರಿ ಕಾವು ಬರುವುದಿಲ್ಲ. ಸಣ್ಣ ಉರಿಯಲ್ಲಿ 20 ನಿಮಿಷ. ಆಮೇಲೆ ತಾನಾಗಿ ಆರಲಿ. ಅವಸರಕ್ಕೆ ವೆಯ್ಟ್ ಎತ್ತಿದರೆ ಅಗರ್ ಉಕ್ಕಿ ಬಿರಡೆ ತೊಯ್ಯುತ್ತದೆ, ತೊಯ್ದ ಬಿರಡೆ ಏನನ್ನೂ ತಡೆಯುವುದಿಲ್ಲ. ಫ್ಲಾಸ್ಕ್ ಕೈಯಲ್ಲಿ ಹಿಡಿಯುವಷ್ಟು, ಅಂದರೆ ಸುಮಾರು 50 ಡಿಗ್ರಿಗೆ ಇಳಿದಾಗ ಮೂರನೆಯದಕ್ಕೆ ಲ್ಯಾಕ್ಟಿಕ್ ಆ್ಯಸಿಡ್ಡನ್ನು ಹನಿಹನಿಯಾಗಿ ಬೆರೆಸಿ, ಪಿಎಚ್ ಪೇಪರಿನಲ್ಲಿ 5.5 ತೋರಿಸುವಾಗ ನಿಲ್ಲಿಸಿ. 90 ಮಿ.ಮೀ. ಪ್ಲೇಟಿಗೆ (ಮುಚ್ಚಳವಿರುವ ಚಪ್ಪಟೆ ಬಟ್ಟಲಿಗೆ) 20 ಮಿ.ಲೀ. ಸುರಿದು, ಗಟ್ಟಿಯಾದ ಮೇಲೆ ಬೋರಲು ಹಾಕಿ ಒಂದು ರಾತ್ರಿ ಆರಿಸಿ.

ಸ್ವಾಬಿಗೆ, ಅಂದರೆ ಚರ್ಮ ಉಜ್ಜಿ ಮಾದರಿ ತೆಗೆಯುವ ಹತ್ತಿ ಸುತ್ತಿದ ಕಡ್ಡಿಗೆ, ಔಷಧಿ ಅಂಗಡಿಯ ಹತ್ತಿಯೇ ಆಗಬೇಕು. ಹತ್ತಿಗೆ ಹೆಸರಾದ ಸೀಮೆಯಲ್ಲಿ ಈ ಮಾತು ವಿಚಿತ್ರ ಅನ್ನಿಸಬಹುದು. ಆದರೆ ಹೊಲದಿಂದ ಬಂದ ಅರಳೆಯ ಎಳೆಗೆ ಮೇಣದ ಪದರ ಇರುತ್ತದೆ, ಅದು ನೀರು ಹೀರುವುದಿಲ್ಲ.

ಮಾದರಿ ಕೊಡುವವರು ಹಿಂದಿನ ದಿನ ಸಂಜೆ ಸ್ನಾನ ಮಾಡಿರಲಿ, ಬೆಳಿಗ್ಗೆ ಬೇಡ. ಸೋಪು ಕ್ಷಾರ, ಚರ್ಮದ ಹುಳಿ ಮರಳಲು ಕೆಲವು ತಾಸು ಹಿಡಿಯುತ್ತದೆ. ವಿಭೂತಿ ಧರಿಸುವವರ ಹಣೆಯಿಂದಲೂ ತೆಗೆಯಬೇಡಿ, ಬೂದಿಯೂ ಕ್ಷಾರವೇ. ಮುಂಗೈ ಮತ್ತು ಕಂಕುಳು ಸಾಕು, ಒಂದು ಒಣಭೂಮಿ, ಇನ್ನೊಂದು ತರಿಭೂಮಿ. ಮೂಗು, ಗಂಟಲು, ಗಾಯ ಮುಟ್ಟಲೇಬೇಡಿ. 5 ಸೆಂ.ಮೀ. ಚೌಕದ ಕಿಂಡಿ ಕೊರೆದ ಕಾಗದ ಇಟ್ಟು, 0.85 ಶೇಕಡಾ ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ಅದ್ದಿದ ಸ್ವಾಬಿನಿಂದ ಅರ್ಧ ನಿಮಿಷ ಉಜ್ಜಿ, 5 ಮಿ.ಲೀ. ಸಲೈನಿನಲ್ಲಿ ಕದಡಿ. ಅದರಲ್ಲಿ 0.1 ಮಿ.ಲೀ.ಯಂತೆ ಮೂರೂ ಬಗೆಯ ಪ್ಲೇಟಿಗೆ ಹರಡಿ. ಕಂಕುಳಿನದನ್ನು ಮೊದಲು ನೂರು ಪಟ್ಟು ತೆಳುಮಾಡಿ, ಇಲ್ಲವಾದರೆ ಪ್ಲೇಟ್ ಪೂರ್ತಿ ಒಂದೇ ಲೇಪವಾಗಿ ಎಣಿಸಲು ಬಾರದು.

ಹೋಲಿಸಿ ನೋಡಲು ಚರ್ಮಕ್ಕೆ ಸಂಬಂಧವಿಲ್ಲದ ಬ್ಯಾಕ್ಟೀರಿಯಾವೂ ಬೇಕು. ಮೊಸರಿನದು ನ್ಯೂಟ್ರಿಯೆಂಟ್ ಅಗರ್‌ನಲ್ಲಿ ಸರಿಯಾಗಿ ಏಳುವುದಿಲ್ಲ. ಹೊಲದ ಎರೆಮಣ್ಣು ಹಾದಿ ತಪ್ಪಿಸುತ್ತದೆ: ಅದರೊಳಗಿನ ಬ್ಯಾಸಿಲಸ್ ಬೀಜಕಣವಾಗಿ ಒಣಹವೆ ತಡೆಯುತ್ತದೆ, ಎಷ್ಟೋ ತಳಿಗಳು ಉಪ್ಪನ್ನೂ ತಡೆಯುತ್ತವೆ. ಸೂಳೆಕೆರೆಯದೋ ನಿಮ್ಮೂರ ಕೆರೆಯದೋ ನೀರೇ ಒಳ್ಳೆಯದು. ಆಷಾಢದ ಗಾಳಿ ಎದ್ದಾಗ ಚಿತ್ರದುರ್ಗದ ಕಡೆ ಇದೇ ಬ್ಯಾಸಿಲಸ್ ದೂಳಿನ ಜೊತೆ ಹಾರಿ ಬಂದು ಪ್ಲೇಟಿಗೆ ಬೀಳುತ್ತದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸ್ಪಿರಿಟ್ ಲ್ಯಾಂಪಿನ ಪಕ್ಕದಲ್ಲೇ ಕೆಲಸ ಮಾಡಿ. ಅಷ್ಟೇ ಹೊತ್ತು ತೆರೆದಿಟ್ಟ ಒಂದು ಖಾಲಿ ಪ್ಲೇಟ್ ಸಾಕ್ಷಿಗಿರಲಿ.

ಅಂಚಿಗೆ ಟೇಪ್ ಸುತ್ತಿ, ಬೋರಲಾಗಿ 30 ಡಿಗ್ರಿಯಲ್ಲಿ 48ರಿಂದ 72 ತಾಸು ಇಡಿ. 37 ಬೇಡ, ಆ ಕಾವು ಮೈಯೊಳಗಿನ ರೋಗಾಣುಗಳಿಗೆ ಹೇಳಿಮಾಡಿಸಿದ್ದು. ಏಪ್ರಿಲ್‌ನಲ್ಲಿ ತಂಪಾದ ಮೂಲೆ ಹುಡುಕಬೇಕಾದೀತು. ಡಿಸೆಂಬರಿನಲ್ಲಿ ಬಲ್ಬ್ ಹಾಕಿದ ಪೆಟ್ಟಿಗೆ ಸಾಕು, ಆದರೆ ಎಲ್‌ಇಡಿ ಅಷ್ಟು ಕಾವು ಕೊಡುವುದಿಲ್ಲ, ಹಳೆಯ ತಂತಿ ಬಲ್ಬೇ ಆಗಬೇಕು.

ಇನ್ನು ಓದುವುದು. ಸಾದಾ ಪ್ಲೇಟಿನಲ್ಲಿ ಕೆರೆಯೂ ಚರ್ಮವೂ ಬೆಳೆದಿರುತ್ತವೆ. ಉಪ್ಪಿನ ಪ್ಲೇಟಿನಲ್ಲಿ ಕೆರೆಯದು ಬಹುಪಾಲು ಮಾಯ, ಚರ್ಮದ್ದು ನಿಂತಿರುತ್ತದೆ. ನಿಂತ ದುಂಡಗಿನ, ನುಣುಪಾದ ಬಿಳಿ ಕಾಲೊನಿಗಳು (ಕಣ್ಣಿಗೆ ಕಾಣುವಷ್ಟು ಬೆಳೆದ ಬ್ಯಾಕ್ಟೀರಿಯಾ ಗುಂಪುಗಳು) ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಮತ್ತು ಅದರ ಬಳಗ. ನಿಂಬೆ ಹಳದಿಯದು ಮೈಕ್ರೊಕಾಕಸ್. ಸುಕ್ಕುಗಟ್ಟಿ ಅಗಲಕ್ಕೆ ಹರಡಿದ್ದು ದೂಳಿನ ಬ್ಯಾಸಿಲಸ್, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೆವರಿನ ಉಪ್ಪು 7.5 ಶೇಕಡಾದಷ್ಟು ಇರುವುದಿಲ್ಲ ನಿಜ, ಆದರೆ ಬೆವರು ಆರುತ್ತಾ ಹೋದಂತೆ ಉಪ್ಪು ಗಾಢವಾಗುತ್ತದೆ. ಹೊರಗಿನ ಉಪ್ಪು ಕೋಶದ ನೀರನ್ನು ಎಳೆಯುತ್ತದೆ. ಸ್ಟ್ಯಾಫಿಲೊಕಾಕಸ್ ಅದಕ್ಕೆ ಎದುರಾಗಿ ಪ್ರೋಲಿನ್, ಗ್ಲೈಸಿನ್ ಬೀಟೇನ್‌ನಂಥ ನಿರುಪದ್ರವಿ ಕಣಗಳನ್ನು ಒಳಗೆ ತುಂಬಿಕೊಂಡು ನೀರನ್ನು ಹಿಡಿದಿಡುತ್ತದೆ. ದಪ್ಪ ಕೋಶಭಿತ್ತಿ ಒಳಗಿನ ಒತ್ತಡವನ್ನು ತಾಳುತ್ತದೆ.

ಹುಳಿ ಪ್ಲೇಟಿನಲ್ಲಿ ಚರ್ಮದ ಕಾಲೊನಿ ಚಿಕ್ಕದಾಗಿ, ತಡವಾಗಿ ಬಂದೀತು. ಒಣಹವೆ ನೋಡಬೇಕೆಂದರೆ ಚರ್ಮದ್ದು, ಕೆರೆಯದು ಎರಡೂ ಮಾದರಿಯ 0.1 ಮಿ.ಲೀ.ಯನ್ನು ಶುದ್ಧ ಗಾಜಿನ ಸ್ಲೈಡಿನ ಮೇಲೆ ಒಣಗಿಸಿ, 24 ತಾಸಿನ ಮೇಲೆ ಸಲೈನಿನಲ್ಲಿ ತೊಳೆದು ಸಾದಾ ಪ್ಲೇಟಿಗೆ ಹರಡಿ.

30ರಿಂದ 300 ಕಾಲೊನಿ ಇರುವ ಪ್ಲೇಟನ್ನೇ ಎಣಿಸಿ. ಮುಂಗೈಯದನ್ನು 2ರಿಂದ, ಕಂಕುಳಿನದನ್ನು 200ರಿಂದ ಗುಣಿಸಿದರೆ ಚದರ ಸೆಂಟಿಮೀಟರಿನ ಲೆಕ್ಕ. ಮುಂಗೈಯ ಪ್ಲೇಟಿನಲ್ಲಿ 60 ಬಂದರೆ ಅಲ್ಲಿ 120. ಸ್ವಾಬಿಗೆ ಎಲ್ಲವೂ ಎದ್ದು ಬರುವುದಿಲ್ಲ, ಹಾಗಾಗಿ ಇದು ಹೋಲಿಕೆಗೆ ಮಾತ್ರ. ರೋಮಕೂಪದ ಎಣ್ಣೆಯಲ್ಲಿ ಬದುಕುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಆಮ್ಲಜನಕ ಒಲ್ಲದು, ಈ ಪ್ಲೇಟಿನಲ್ಲಿ ಕಾಣಿಸುವುದೇ ಇಲ್ಲ. ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲ ಬಿಟ್ಟು ಚರ್ಮವನ್ನು ಹುಳಿಯಾಗಿಡುವುದರಲ್ಲಿ ಅದರ ಪಾಲು ದೊಡ್ಡದು. ಕಂಕುಳಿನ ಕೊರಿನೆಬ್ಯಾಕ್ಟೀರಿಯಂಗೂ ಜಿಡ್ಡು ಬೇಕು, 100 ಮಿ.ಲೀ. ಅಗರ್‌ಗೆ ಟ್ವೀನ್ 80 ಎಂಬ ಜಿಡ್ಡಿನ ದ್ರವ 1 ಮಿ.ಲೀ. ಹಾಕಿದರೆ ಅದೂ ಮೇಲೇಳುತ್ತದೆ.

ಮುಚ್ಚಳ ತೆರೆಯದೆಯೇ ಎಣಿಸಿ. ಮುಗಿದ ಮೇಲೆ ಟೇಪ್ ಸಮೇತ ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳ ಸಡಿಲ ಬಿಟ್ಟು, ಕುಕ್ಕರಿನಲ್ಲಿ 30 ನಿಮಿಷ ಬೇಯಿಸಿ ಎಸೆಯಿರಿ. ಪ್ಲಾಸ್ಟಿಕ್ ಪ್ಲೇಟ್ ಮುದ್ದೆಯಾಗುತ್ತದೆ, ಆಗಲಿ. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು.