ಟಾಯ್ಲೆಟ್‌ನಲ್ಲಿ ತಲೆ ಸುತ್ತುತ್ತಾ, ಹೊಟ್ಟೆ ತೊಳಸುತ್ತಾ? ಯಾವಾಗ ಅಂತ ಮೊದಲು ಗಮನಿಸಿ

ಈಗಲೇ ಹೀಗಾಗುತ್ತಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಮೊದಲ ಕೆಲಸ ಒಂದೇ: ಎದ್ದು ನಿಲ್ಲಬೇಡಿ.

ತಲೆ ಸುತ್ತಿದ ತಕ್ಷಣ ಬೇಗ ಮುಗಿಸಿ ಹೊರಗೆ ಹೋಗಿಬಿಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಜನ ಬೀಳುವುದು ಆಗಲೇ. ತಿಣುಕುವುದನ್ನು ನಿಲ್ಲಿಸಿ, ಉಸಿರು ಹಿಡಿಯದೆ ನಿಧಾನವಾಗಿ ಬಿಡಿ. ಕಣ್ಣು ಕತ್ತಲೆ ಬರುತ್ತಿದೆ, ಕಿವಿ ಗುಂಯ್ ಅನ್ನುತ್ತಿದೆ, ತಣ್ಣನೆ ಬೆವರುತ್ತಿದೆ ಅಂದರೆ ಹಾಗೇ ನೆಲಕ್ಕೆ ಜಾರಿ ಮಲಗಿಬಿಡಿ, ಕಾಲನ್ನು ಗೋಡೆಗೋ ಬಕೆಟ್ಟಿನ ಮೇಲೋ ಎತ್ತಿಡಿ. ನೆಲ ಗಲೀಜು ಅಂತ ಹಿಂಜರಿಯಬೇಡಿ, ಮೈ ತೊಳೆದುಕೊಳ್ಳಬಹುದು, ಒಡೆದ ತಲೆಗೆ ಹೊಲಿಗೆ ಹಾಕಿಸಬೇಕಾಗುತ್ತದೆ. ಮಲಗಲು ಜಾಗವೇ ಇಲ್ಲದಿದ್ದರೆ ಕೂತಲ್ಲೇ ಗೋಡೆಯನ್ನು ಹಿಡಿದು ಮುಂದಕ್ಕೆ ಬಾಗಿ ತಲೆಯನ್ನು ತಗ್ಗಿಸಿ. ಮನೆಯಲ್ಲಿ ಯಾರಾದರೂ ಇದ್ದರೆ ಕೂಗಿ ಕರೆಯಿರಿ, ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಪೂರ್ತಿ ಸರಿಹೋದ ಮೇಲೂ ಐದು ನಿಮಿಷ ಹಾಗೇ ಇದ್ದು, ಮೊದಲು ಎದ್ದು ಕೂತು, ಆಮೇಲೆ ನಿಲ್ಲಿ.

ಇನ್ನೊಂದು. ಒಮ್ಮೆ ಹೀಗಾದವರು ಚಿಲಕ ಹಾಕುವುದನ್ನು ಬಿಡಿ. ಬಾಗಿಲನ್ನು ಮುಚ್ಚಿದರೆ ಸಾಕು. ಒಳಗೆ ಬಿದ್ದವರನ್ನು ಹೊರಗೆ ತರಲು ಬಾಗಿಲು ಒಡೆಯುವ ಪರಿಸ್ಥಿತಿ ಯಾರಿಗೂ ಬೇಡ.

ಯಾಕೆ ಹೀಗಾಗುತ್ತದೆ

ಬಹಳಷ್ಟು ಸಲ ಆಗುವುದು ಇಷ್ಟೇ: ಬಿಪಿ ಸ್ವಲ್ಪ ಹೊತ್ತು ಇಳಿದು, ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಆದರೆ ಇಳಿಯುವುದಕ್ಕೆ ದಾರಿಗಳು ಬೇರೆ ಬೇರೆ.

ಒಂದು, ನರದ ದಾರಿ. ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಇಳಿಯುವ ವೇಗಸ್ ಅನ್ನುವ ಉದ್ದದ ನರ ಒಂದಿದೆ. ಹೃದಯದ ಬಡಿತವನ್ನು ನಿಧಾನ ಮಾಡುವುದೂ ಇದೇ, ಜಠರ ಮತ್ತು ಕರುಳಿನ ಕೆಲಸದಲ್ಲಿ ಕೈ ಆಡಿಸುವುದೂ ಇದೇ. ಕರುಳು ಜೋರಾಗಿ ಹಿಂಡಿದಾಗ ಅಥವಾ ಗಟ್ಟಿ ಮಲದಿಂದ ಹಿಗ್ಗಿದಾಗ ಆ ಸುದ್ದಿ ಮಿದುಳಿಗೆ ಹೋಗುತ್ತದೆ. ಕೆಲವರಲ್ಲಿ ಮಿದುಳು ಅದಕ್ಕೆ ಅತಿಯಾಗಿ ಉತ್ತರ ಕೊಡುತ್ತದೆ: ಬಡಿತ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ, ಬಿಪಿ ಧಡ್ಡನೆ ಇಳಿಯುತ್ತದೆ. ಮುಖ ಬಿಳುಚಿಕೊಳ್ಳುವುದು, ಬೆವರು, ಆಕಳಿಕೆ, ವಾಕರಿಕೆ ಎಲ್ಲ ಒಟ್ಟಿಗೆ ಬರುವುದು ಇದಕ್ಕೇ. ರಕ್ತ ಕಂಡರೆ, ಸೂಜಿ ಚುಚ್ಚಿದರೆ ಬವಳಿ ಬಂದು ಬೀಳುವವರಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ ಆಟ.

ಎರಡು, ತಿಣುಕುವುದು. ಉಸಿರು ಕಟ್ಟಿ ಮುಕ್ಕಿದಾಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ವಾಪಸ್ ಬರುವ ರಕ್ತಕ್ಕೆ ತಡೆ ಬೀಳುತ್ತದೆ. ಹೃದಯಕ್ಕೆ ಬಂದದ್ದೇ ಕಡಿಮೆಯಾದರೆ ಹೊರಗೆ ಹೋಗುವುದೂ ಕಡಿಮೆಯೇ. ಉಸಿರು ಬಿಟ್ಟ ಕೂಡಲೇ ಬಿಪಿ ಇನ್ನೊಂದು ಕ್ಷಣ ಕುಸಿದು, ಆಮೇಲೆ ಸಟ್ಟನೆ ಏರುತ್ತದೆ. 1666ರಿಂದ 1723ರವರೆಗೆ ಬದುಕಿದ್ದ ಇಟಲಿಯ ಅಂಗರಚನಾ ತಜ್ಞ ವಾಲ್ಸಾಲ್ವಾ ಹೆಸರನ್ನು ವೈದ್ಯರು ಈ ಉಸಿರು ಕಟ್ಟಿ ಮುಕ್ಕುವ ಕ್ರಿಯೆಗೆ ಇಟ್ಟಿದ್ದಾರೆ. ಅವರು ಇದನ್ನು ಬಳಸಿದ್ದು ಕಿವಿಯ ವಿಚಾರಕ್ಕೆ! ವಿಮಾನದಲ್ಲಿ ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಳ್ತೀವಲ್ಲ, ಅದೇ.

ಮೂರು, ಏಳುವುದು. ಕುಕ್ಕರಗಾಲಲ್ಲಿ ಕೂತಾಗ ಕಾಲಿನ ರಕ್ತನಾಳಗಳು ಅದುಮಿಕೊಂಡಿರುತ್ತವೆ, ಹಾಗಾಗಿ ಬಿಪಿ ಚೆನ್ನಾಗೇ ಇರುತ್ತದೆ. ಸಟ್ಟನೆ ಎದ್ದರೆ ರಕ್ತ ಕಾಲಿಗೆ ಇಳಿಯುತ್ತದೆ, ತಲೆಗೆ ಸಾಲುವುದಿಲ್ಲ. ಕಮೋಡ್‌ನಿಂದ ಎದ್ದಾಗಲೂ ಇದು ಆಗುತ್ತದೆ, ಆದರೆ ಅಷ್ಟು ಜೋರಾಗಿ ಅಲ್ಲ.

ಯಾವಾಗ ಆಗುತ್ತದೆ?

ಕಾರಣ ಹುಡುಕಲು ನನಗೆ ಗೊತ್ತಿರುವ ಸುಲಭದ ದಾರಿ ಇದು. ‘ಟಾಯ್ಲೆಟ್‌ಗೆ ಹೋದಾಗ ತಲೆ ಸುತ್ತುತ್ತೆ’ ಅಂದರೆ ವೈದ್ಯರಿಗೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಹೋಗುವ ಮುಂಚೆಯೇ, ತಿಣುಕುವಾಗಲೇ, ಎದ್ದ ಮೇಲೇ, ಅಥವಾ ಬಂದು ಕೂತ ಮೇಲೂ ಬಿಡದೆಯೇ? ಇದನ್ನು ಹೇಳಿದರೆ ಅರ್ಧ ಕೆಲಸ ಆದಂತೆ.

ಹೋಗುವ ಮುಂಚೆಯೇ ಹೊಟ್ಟೆ ನುಲಿದು, ಬೆವರು ಬಂದು, ವಾಕರಿಸಿ, ಮಲ ಹೋದ ಕೂಡಲೇ ಹಾಯ್ ಅನಿಸಿದರೆ ಅದು ಹೆಚ್ಚಾಗಿ ಕರುಳಿನ ಸೆಳೆತದ್ದು. ಭೇದಿ, ಕೆಟ್ಟ ಆಹಾರ, ಐಬಿಎಸ್ (ಕರುಳು ಸುಮ್ಮಸುಮ್ಮನೆ ಕೆರಳುವ ತೊಂದರೆ), ಎಷ್ಟೋ ದಿನ ಕಟ್ಟಿಕೊಂಡಿದ್ದ ಮಲ, ಎಲ್ಲದರಲ್ಲೂ ಹೀಗಾಗಬಹುದು. ಮುಟ್ಟಿನ ದಿನಗಳಲ್ಲಿ ಮಾತ್ರ ಹೀಗಾಗುವವರು ಬಹಳ ಜನ ಇದ್ದಾರೆ. ಆಗ ಗರ್ಭಕೋಶ ಹಿಂಡಿಕೊಳ್ಳಲು ತಯಾರಾಗುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಪಕ್ಕದ ಕರುಳನ್ನೂ ಕೆಣಕುತ್ತದೆ. ನೋವು, ಸಡಿಲ ಭೇದಿ, ವಾಕರಿಕೆ, ಬವಳಿ ಒಟ್ಟಿಗೇ ಬರುತ್ತವೆ. ಸುಮ್ನೆ ಸಹಿಸಿಕೊಂಡು ಕೂರಬೇಡಿ, ವೈದ್ಯರನ್ನು ಕೇಳಿದರೆ ಇದಕ್ಕೆ ಒಳ್ಳೆಯ ಮಾತ್ರೆಗಳಿವೆ.

ತಿಣುಕುವಾಗ ಆದರೆ ಮಲಬದ್ಧತೆಯ ಕಡೆ ನೋಡಿ. ಎದ್ದ ಮೇಲೆ ಆದರೆ ನೀರು ಸಾಲದೇ ಇರಬಹುದು ಅಥವಾ ಮಾತ್ರೆಗಳ ಪ್ರಭಾವ ಇರಬಹುದು: ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆ, ಕೆಲವು ಖಿನ್ನತೆಯ ಮಾತ್ರೆ. ತುಂಬಾ ವರ್ಷಗಳಿಂದ ಶುಗರ್ ಇರುವವರಲ್ಲಿ, ಪಾರ್ಕಿನ್ಸನ್ (ಕೈ ನಡುಗಿಸುವ ನರದ ಕಾಯಿಲೆ) ಇರುವವರಲ್ಲಿ ಬಿಪಿಯನ್ನು ಹಿಡಿದಿಡುವ ನರಗಳೇ ಸೋತಿರಬಹುದು. ಬಂದು ಕೂತ ಮೇಲೂ ಗಂಟೆಗಟ್ಟಲೆ ಸುಸ್ತು, ತಲೆಸುತ್ತು ಬಿಡದಿದ್ದರೆ ಭೇದಿಯಲ್ಲಿ ನೀರು ಉಪ್ಪು ಹೋಗಿದೆಯೇ, ರಕ್ತಹೀನತೆ ಇದೆಯೇ, ಎಲ್ಲೋ ರಕ್ತ ಹೋಗುತ್ತಿದೆಯೇ ಅಂತ ನೋಡಬೇಕು.

ಮನೆಯಲ್ಲಿ ಬಿಪಿ ಮಷೀನ್ ಇದ್ದರೆ ಹೀಗೆ ಮಾಡಿ. ಐದು ನಿಮಿಷ ಮಲಗಿ ಒಮ್ಮೆ ಅಳೆಯಿರಿ. ಎದ್ದು ನಿಂತು ಒಂದನೇ ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಇನ್ನೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಜಾಸ್ತಿ, ಇಲ್ಲವೇ ಕೆಳಗಿನದು 10 ಅಥವಾ ಜಾಸ್ತಿ ಇಳಿದರೆ ನಿಂತಾಗ ಬಿಪಿ ಬೀಳುತ್ತಿದೆ ಅಂತ ಅರ್ಥ. ಪಕ್ಕದಲ್ಲಿ ಯಾರಾದರೂ ಇರುವಾಗ ಮಾಡಿ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿ.

ತಿಣುಕದೆ ಹೋಗುವುದು ಹೇಗೆ

ಕಮೋಡ್ ಬಳಸುವವರು ಕಾಲಡಿ ಒಂದು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬೇಕು. ಮೊಣಕೈಯನ್ನು ತೊಡೆಯ ಮೇಲೆ ಊರಿ ಸ್ವಲ್ಪ ಮುಂದೆ ಬಾಗಿ. ಗುದನಾಳವನ್ನು ಬಾಗಿಸಿ ಹಿಡಿದಿರುವ ಸ್ನಾಯು ಆಗ ಸಡಿಲವಾಗಿ ದಾರಿ ನೇರವಾಗುತ್ತದೆ. ಕುಕ್ಕರಗಾಲಲ್ಲಿ ಕೂರುವವರಿಗೆ ಈ ಅನುಕೂಲ ಮೊದಲೇ ಇದೆ, ಅವರಿಗೆ ತೊಂದರೆ ಏಳುವಾಗ. ಹಾಗಾಗಿ ಅಂಥ ಕಡೆ ಗೋಡೆಗೆ ಹಿಡಿಕೆ ಹಾಕಿಸಿ. ಬವಳಿ ಪದೇ ಪದೇ ಬರುವ ವಯಸ್ಸಾದವರಿಗೆ ಕಮೋಡೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಎಷ್ಟೇ ಹಳೆಯ ಅಭ್ಯಾಸ ಆಗಿದ್ದರೂ ಸರಿ.

ಮುಕ್ಕುವಾಗ ಬಾಯಿ ತೆರೆದು ಉಸಿರು ಬಿಡುತ್ತಾ ಹೊಟ್ಟೆಯಿಂದ ಮೆಲ್ಲಗೆ ಒತ್ತಿ. ಬಾಯಿ ಮುಚ್ಚಿಕೊಂಡು, ಮುಖ ಕೆಂಪಗಾಗುವಷ್ಟು ಒತ್ತಬೇಡಿ. ಹತ್ತು ನಿಮಿಷದಲ್ಲಿ ಆಗಲಿಲ್ಲ ಅಂದರೆ ಎದ್ದು ಬನ್ನಿ, ಮತ್ತೆ ಒತ್ತಡ ಬಂದಾಗ ಹೋದರಾಯಿತು. ಫೋನ್ ಹೊರಗೇ ಇರಲಿ, ಅದು ಕೈಯಲ್ಲಿದ್ದರೆ ಹತ್ತು ನಿಮಿಷ ಅನ್ನುವುದು ಅರ್ಧ ಗಂಟೆ ಆಗಿರುತ್ತದೆ, ಅಲ್ವಾ? ಊಟ ಅಥವಾ ತಿಂಡಿಯ ನಂತರ ಕರುಳು ತಾನಾಗೇ ಚುರುಕಾಗುತ್ತದೆ, ಬೆಳಿಗ್ಗೆ ಹೊತ್ತು ಇನ್ನೂ ಜಾಸ್ತಿ. ಆ ಸಮಯ ಹಿಡಿದರೆ ತಿಣುಕುವ ಕೆಲಸ ಕಡಿಮೆ.

ಮಲ ಗಟ್ಟಿಯಾಗದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸ. ನಾರಿನಂಶವನ್ನು ದಿನಕ್ಕೆ 25ರಿಂದ 30 ಗ್ರಾಂವರೆಗೆ ಏರಿಸಿ, ಆದರೆ ನಿಧಾನವಾಗಿ. ಒಂದೇ ದಿನ ರಾಶಿ ನಾರು ತಿಂದರೆ ಗ್ಯಾಸ್ ತುಂಬಿ ಹೊಟ್ಟೆ ಉಬ್ಬುತ್ತದೆ. ಇಸಬ್‌ಗೋಲ್ ತೆಗೆದುಕೊಳ್ಳುವವರು ಜೊತೆಗೆ ಒಂದು ದೊಡ್ಡ ಲೋಟ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಅದೇ ಒಳಗೆ ಗಂಟು ಕಟ್ಟಬಹುದು. ಕಬ್ಬಿಣದ ಮಾತ್ರೆ, ಕೊಡೀನ್ ಇರುವ ನೋವಿನ ಮಾತ್ರೆ ಮಲ ಕಟ್ಟಿಸುತ್ತವೆ. ಇವು ಶುರುವಾದ ಮೇಲೆ ತೊಂದರೆ ಬಂದಿದ್ದರೆ ವೈದ್ಯರಿಗೆ ಹೇಳಿ, ಬೇರೆ ಮಾತ್ರೆಯೋ ಮಲ ಮೆದುವಾಗಿಸುವ ಔಷಧಿಯೋ ಕೊಡುತ್ತಾರೆ.

ಏಳುವಾಗ

ಎದ್ದೇಳುವ ಮೊದಲು ಪಾದಗಳನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಮುಷ್ಟಿ ಬಿಗಿ ಹಿಡಿದು ಬಿಡಿ. ನಿಂತ ಮೇಲೆ ಹಗುರ ಅನಿಸಿದರೆ ಏನನ್ನಾದರೂ ಹಿಡಿದು, ಒಂದು ಕಾಲಿಗೆ ಇನ್ನೊಂದನ್ನು ಅಡ್ಡ ಹಾಕಿ ತೊಡೆ, ಪೃಷ್ಠ, ಹೊಟ್ಟೆಯನ್ನು ಬಿಗಿ ಮಾಡಿ. ಸ್ನಾಯು ಬಿಗಿದರೆ ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ. ಮುನ್ಸೂಚನೆ ಸಿಗುವವರಿಗೆ ಇದು ನಿಜವಾಗಿ ಕೆಲಸ ಮಾಡುತ್ತದೆ.

ರಾತ್ರಿ ನಿದ್ದೆಗಣ್ಣಲ್ಲಿ ಓಡುವವರು, ಹಿಂದಿನ ದಿನ ಮದ್ಯ ಕುಡಿದವರು ಜಾಸ್ತಿ ಹುಷಾರಾಗಿರಬೇಕು. ಹಾಸಿಗೆ ಅಂಚಿನಲ್ಲಿ ಒಂದು ನಿಮಿಷ ಕೂತು, ಒಂದು ಲೋಟ ನೀರು ಕುಡಿದು ಹೋಗಿ. ಹೃದಯ ಅಥವಾ ಕಿಡ್ನಿ ಕಾಯಿಲೆಗೆ ನೀರಿನ ಮಿತಿ ಹಾಕಿದ್ದರೆ ಆ ಮಿತಿಯನ್ನೇ ಪಾಲಿಸಿ.

ಭೇದಿಯಾದಾಗ ಬರೀ ನೀರು ಸಾಲದು, ಓಆರ್‌ಎಸ್ ಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ವಾಂತಿಯೂ ಇದ್ದರೆ ಗುಟುಕು ಗುಟುಕಾಗಿ ಕುಡಿಯಿರಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದಾಗ

ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಬರುತ್ತಿದ್ದು ತಲೆಯೂ ಸುತ್ತುತ್ತಿದ್ದರೆ ಒಳಗೆ ರಕ್ತ ಹೋಗುತ್ತಿರಬಹುದು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ತಲೆಸುತ್ತು ಜೊತೆಗಿದ್ದರೆ ಅದೇ ಇರಬೇಕು ಅಂದುಕೊಂಡು ಕೂರಬೇಡಿ. ಕೆಂಪು ರಕ್ತ ಜಾಸ್ತಿ ಹೋದರೂ ಅಷ್ಟೇ.

ಎದೆ ನೋವು, ಉಸಿರಾಟದ ತೊಂದರೆ, ಎದೆ ಡವಗುಟ್ಟುವುದು, ಯಾವ ಸೂಚನೆಯೂ ಇಲ್ಲದೆ ಎಚ್ಚರ ತಪ್ಪುವುದು, ತಿಣುಕಿದ ಕ್ಷಣದಲ್ಲೇ ಸಿಡಿಲು ಬಡಿದಂಥ ತಲೆನೋವು, ಒಂದು ಕಡೆ ಕೈಕಾಲು ಸೋಲುವುದು, ಎಚ್ಚರ ಬಂದ ಮೇಲೂ ಬಹಳ ಹೊತ್ತು ಗೊಂದಲದಲ್ಲಿರುವುದು, ಇವೆಲ್ಲ ಬೇರೆಯೇ ವಿಷಯ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ದಿಢೀರ್ ತೀರಿಕೊಂಡವರಿದ್ದರೆ ಒಂದೇ ಸಲ ಎಚ್ಚರ ತಪ್ಪಿದ್ದರೂ ಹೃದಯ ತೋರಿಸಿಕೊಳ್ಳಿ.

ಮತ್ತೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮುಟ್ಟು ತಪ್ಪಿದೆ ಅಥವಾ ಗರ್ಭ ನಿಂತ ಮೊದಲ ವಾರಗಳು, ಕೆಳಹೊಟ್ಟೆಯಲ್ಲಿ ನೋವು, ಟಾಯ್ಲೆಟ್‌ಗೆ ಹೋಗಬೇಕು ಅನ್ನುವ ಒತ್ತಡ, ಜೊತೆಗೆ ಬವಳಿ, ಭುಜದ ತುದಿಯಲ್ಲಿ ನೋವು. ಗರ್ಭಕೋಶದ ಹೊರಗೆ ನಿಂತ ಗರ್ಭ ಒಡೆದು ಒಳಗೆ ರಕ್ತ ತುಂಬಿದಾಗ ಹೀಗಾಗುತ್ತದೆ. ಗ್ಯಾಸ್ ಇರಬೇಕು ಅಂತ ಕಾದರೆ ಜೀವಕ್ಕೇ ಅಪಾಯ.

ಇಂಥದ್ದೇನೂ ಇಲ್ಲದೆ ಆಗಾಗ ಬರುತ್ತಿದ್ದರೆ ಬಿಡುವು ಮಾಡಿಕೊಂಡು ವೈದ್ಯರ ಹತ್ತಿರ ಹೋಗಿ. ಯಾವ ಹೊತ್ತಿಗೆ, ಯಾವ ಹಂತದಲ್ಲಿ, ಮಲ ಹೇಗಿತ್ತು, ಪೂರ್ತಿ ಎಚ್ಚರ ತಪ್ಪಿತೇ ಅಂತ ಬರೆದುಕೊಂಡು, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಬಿಪಿಯನ್ನು ಕೂತಲ್ಲಿ ಮಾತ್ರ ನೋಡಿದರೆ ನಿಂತೂ ನೋಡಿ ಅಂತ ಕೇಳಿ, ಇಸಿಜಿ ಬೇಕೇ ಅಂತಲೂ ಕೇಳಿ. ಬಿಪಿ ಮಾತ್ರೆ ಮೇಲೆ ಅನುಮಾನ ಇದ್ದರೆ ನೀವಾಗೇ ನಿಲ್ಲಿಸಬೇಡಿ, ಎಷ್ಟೋ ಸಲ ಪ್ರಮಾಣ ಇಳಿಸಿ ಅಥವಾ ತೆಗೆದುಕೊಳ್ಳುವ ಹೊತ್ತನ್ನು ಬದಲಾಯಿಸಿ ವೈದ್ಯರೇ ಸರಿಮಾಡುತ್ತಾರೆ.