ಶಾಲೆಯ ಹಳೆಯ ಮಾಡು ಉಳಿಸಿದ ಬಗೆ

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ನಾನು ಕಲಿತು ಆಮೇಲೆ ಕಲಿಸಿದ ಕಾಸರಗೋಡಿನ ಕನ್ನಡ ಶಾಲೆಯ ಹಳೆಯ ಕಟ್ಟಡ ಕೆಡವುತ್ತಾರೆಂದು ಗೊತ್ತಾಯಿತು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹೆಂಚಿನ ಮಾಡು ಅಂದರೆ ಚಾವಣಿ, ಉದ್ದದ ಜಗಲಿ. ಕಟ್ಟಡ ಸುರಕ್ಷಿತ ಎಂಬ ಫಿಟ್‌ನೆಸ್ ಸರ್ಟಿಫಿಕೇಟನ್ನು ಎಂಜಿನಿಯರ್ ಕೊಟ್ಟಿರಲಿಲ್ಲ. ಇಲ್ಲಿ ಪ್ರತಿ ವರ್ಷ ಶಾಲೆ ತೆರೆಯುವ ಮೊದಲು ಆ ಸರ್ಟಿಫಿಕೇಟ್ ಬೇಕೇ ಬೇಕು. ಮಕ್ಕಳು ಕೂರುವ ಜಾಗ ಅಲ್ವಾ, ಕೇಳುವುದು ಸರಿಯೇ. ಆದರೆ ವರದಿಯಲ್ಲಿದ್ದದ್ದು ‘ಮಾಡು ಶಿಥಿಲ’ ಎಂಬ ಎರಡೇ ಶಬ್ದ. ಎಲ್ಲಿ, ಎಷ್ಟು ಅಂತ ಇರಲಿಲ್ಲ.

ಮೊದಲು ಸಹಿ ಸಂಗ್ರಹಿಸಲು ಹೊರಟೆ. ಸಹಿ ತುಂಬಾ ಬಂತು. ಮಾಡು ಗಟ್ಟಿ ಇದೆಯಾ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಕಾನೂನು ನೋಡಿದೆ. ನಮ್ಮ ಜಿಲ್ಲೆಯ ಬೇಕಲ ಕೋಟೆಗೆ ಪುರಾತತ್ವ ಇಲಾಖೆಯ ರಕ್ಷಣೆ ಇದೆ, ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ಊರ ಶಾಲೆಗೆ ಯಾರ ರಕ್ಷಣೆಯೂ ಇಲ್ಲ.

ಕಟ್ಟಡದ ವಯಸ್ಸು ಹುಡುಕುವಾಗ ಒಮ್ಮೆ ಎಡವಿದೆ. ಹೆಂಚಿನ ಅಡಿಯಲ್ಲಿ ‘ಬಾಸೆಲ್ ಮಿಷನ್, 1865’ ಅಂತ ಒತ್ತಿದ್ದು ಕಂಡಿತು. ಕಟ್ಟಿದ್ದು ಅದೇ ವರ್ಷ ಅಂದುಕೊಂಡೆ. ಅದು ಮಂಗಳೂರಿನಲ್ಲಿ ಆ ಮಿಷನ್‌ನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಕೊನೆಗೆ ನೆರವಾದದ್ದು ಶಾಲೆಯ ದಾಖಲಾತಿ ಪುಸ್ತಕ ಮತ್ತು ಹಳೆಯ ಭೂದಾಖಲೆ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಆ ಕಾಗದವೆಲ್ಲ ಕನ್ನಡದಲ್ಲೇ ಇತ್ತು.

ನಿಜವಾದ ಕೆಲಸ ಮಾಡಿನ ಮೇಲೆ ಆಯಿತು. ಮರಗೆಲಸ ಮಾಡುವ ಊರಿನ ಹಿರಿಯ ಆಚಾರಿಯವರನ್ನು ಕರೆದೆ. ಅವರು ಒಂದು ಬದಿಯ ಹೆಂಚು ಇಳಿಸಿ, ಪ್ರತಿ ಪಕ್ಕಾಸಿಗೆ (ಮಾಡು ಹೊರುವ ಇಳಿಜಾರಿನ ಮರಕ್ಕೆ) ಸ್ಕ್ರೂಡ್ರೈವರ್ ಚುಚ್ಚಿ ನೋಡಿದರು. ನಾನು ಸೀಮೆಸುಣ್ಣದಲ್ಲಿ ನಂಬರ್ ಹಾಕುತ್ತಾ ಬರೆದುಕೊಂಡೆ. 46 ಪಕ್ಕಾಸಿನಲ್ಲಿ 9 ಮಾತ್ರ ಕೆಟ್ಟಿತ್ತು, ಅದೂ ಗೋಡೆಯ ಮೇಲೆ ಕೂರುವ ತುದಿಯಲ್ಲಿ.

“ಮಾಷ್ಟ್ರೇ, ಮರಕ್ಕೆ ಏನೂ ಆಗಿಲ್ಲ. ನೀರು ಬಿದ್ದ ಕಡೆ ಮಾತ್ರ ಹೋಗಿದೆ,” ಅಂದರು.

ಎರಡು ಮಾಡು ಸೇರುವಲ್ಲಿ ನೀರು ಹರಿದುಹೋಗಲು ಇಟ್ಟ ತಗಡಿನ ದೋಣಿಯಲ್ಲಿ ತರಗೆಲೆ ತುಂಬಿತ್ತು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ನೀರು ಹರಿಯಲು ದಾರಿ ಇಲ್ಲದೆ ಒಳಗೆ ಇಳಿದಿತ್ತು. ಯಾರೋ ಗೋಡೆಗೆ ಸಿಮೆಂಟ್ ಗಾರೆ ಬೇರೆ ಮಾಡಿಸಿದ್ದರು. ಮುರಕಲ್ಲು ನೀರು ಕುಡಿಯುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಹೊರಗೆ ಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಪಕ್ಕಾಸಿನ ತುದಿ ಕುಂಬಾಗಿ ಕೊಳೆಯಲು, ಗೆದ್ದಲು ಹತ್ತಲು ಅಷ್ಟೇ ಸಾಕಾಯಿತು.

ಈ ಲೆಕ್ಕ, ಅಳತೆಯ ನಕ್ಷೆ, ಫೋಟೋ, ದುರಸ್ತಿಯ ಖರ್ಚು, ಹೊಸ ಕಟ್ಟಡದ ಅಂದಾಜು, ಎಲ್ಲ ಸೇರಿಸಿ ಅರ್ಜಿ ಬರೆದೆ. ಕನ್ನಡದಲ್ಲೇ ಬರೆದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿತು, ಅದನ್ನು ಬಿಡಬಾರದು. ಬೇಗ ಓದಲಿ ಅಂತ ಮಲಯಾಳದ ಪ್ರತಿಯನ್ನೂ ಲಗತ್ತಿಸಿದೆ. ಹಳೆಯ ವಿದ್ಯಾರ್ಥಿಯೊಬ್ಬ ಸ್ಟ್ರಕ್ಚರಲ್ ಎಂಜಿನಿಯರ್. ಅವನು ಬಂದು ಪರೀಕ್ಷಿಸಿ ತನ್ನ ವರದಿ ಕೊಟ್ಟ. ಎರಡನೇ ಸಲ ಬಂದ ಅಧಿಕಾರಿ ನಂಬರ್ ಹಾಕಿದ ಪಕ್ಕಾಸುಗಳನ್ನು ಒಂದೊಂದಾಗಿ ನೋಡಿದರು. ದುರಸ್ತಿಗೆ ಮೇ ಕೊನೆಯವರೆಗೆ ಸಮಯ ಕೊಟ್ಟರು.

9 ತುದಿ ಕೊಯ್ದು ಅದಕ್ಕೆ ಕಿರಾಲುಬೋಗಿ ಮರದ ತುಂಡು ಜೋಡಿಸಿದೆವು. ಹೆಂಚು ಕೂರುವ ಮರದ ಪಟ್ಟಿ, ರೀಪು, ಅರ್ಧದಷ್ಟು ಬದಲಾಯಿತು. ಹೆಂಚು ಹಳೆಯದೇ, ಒಡೆದದ್ದಕ್ಕೆ ಪಕ್ಕದೂರಲ್ಲಿ ಇಳಿಸಿದ್ದ ಮನೆಯಿಂದ ತಂದೆವು. ಜೂನ್‌ನಲ್ಲಿ ಒಂದನೇ ಕ್ಲಾಸು ಅಲ್ಲೇ ಕೂತಿತು.

ಪಡುವಣ ಗೋಡೆಯ ಸಿಮೆಂಟ್ ಇನ್ನೂ ಕೆತ್ತಿಲ್ಲ, ಈ ಬೇಸಗೆ ರಜೆಯಲ್ಲಿ ಮಾಡಬೇಕು. ದೋಣಿಯ ತರಗೆಲೆ ಮಾತ್ರ ಪ್ರತಿ ಮೇ ತಿಂಗಳಲ್ಲಿ ನಾನೇ ಏಣಿ ಇಟ್ಟು ತೆಗೆಯುತ್ತೇನೆ.